ಮೂರು ಭಾಷೆಯ ಹಿತ್ತಲು

ಮನೆಯಲ್ಲಿ ವಾರಕ್ಕೊಂದು ಗೊಂದಲ ಆಗಬೇಕಾದರೆ ಬಹಳ ಏನೂ ಬೇಕಿಲ್ಲ. ಕನ್ನಡ ಬಿಟ್ಟರೆ ಬೇರೆ ಬಾರದ ಒಬ್ಬ ಅತ್ತೆ ಇರಬೇಕು, ಊರು ತಾಂಡೂರು ಆಗಿರಬೇಕು. ಅದು ನಿಜಾಮರ ಕಾಲ. ನಮ್ಮ ಯಜಮಾನರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಕಚೇರಿಯಲ್ಲಿ ಉರ್ದು, ಬಜಾರದಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಮಾವನವರು ಹೊಲ ಬಿಟ್ಟು ಬರಲಿಲ್ಲ. ಬಶೀರಾಬಾದಿನ ಕಡೆಯ ಹಳ್ಳಿಯಲ್ಲೇ ಉಳಿದರು. ಹೊಸ ಸಂಸಾರ ಹೂಡಿಕೊಡಲು ಎಂಟು ದಿನಕ್ಕೆಂದು ಬಂದ ಅತ್ತೆ, ನಾದಿನಿ ಮತ್ತು ಒಂದು ಬೂದಿ ಬಣ್ಣದ ಹೆಣ್ಣು ಬೆಕ್ಕಿನ ಸಮೇತ ನಾಲ್ಕು ವರ್ಷ ಇದ್ದರು. ನಾನೂ ಬೀದರ ಕಡೆಯ ಹಳ್ಳಿಯವಳು, ಆಗಷ್ಟೇ ಮದುವೆಯಾಗಿ ಬಂದವಳು. ಅತ್ತೆಗೆ ತಿಳಿಯದ್ದು ನನಗೂ ತಿಳಿಯುತ್ತಿರಲಿಲ್ಲ.

ಸಾಹೇಬರ ಕದ್ದು

ತಹಸೀಲದಾರ ಸಾಹೇಬರ ಬಂಗಲೆಯ ಗೋಡೆಯ ಮೇಲೆ ಮಲ್ಲಿಗೆ ಬಳ್ಳಿ ಇತ್ತು. ಅತ್ತೆ ಒಂದು ದಿನ ಗುಡಿಯಿಂದ ಬರುವಾಗ ಯಾರೂ ನೋಡದ ಹಾಗೆ ಒಂದು ಟೊಂಗೆ ಮುರಿದುಕೊಂಡು ಬಂದು ಹಿತ್ತಲಲ್ಲಿ ನೆಟ್ಟರು. ಅದು ಬೇರು ಬಿಟ್ಟು ಚೆನ್ನಾಗಿ ಹತ್ತಿತು. ಈ ವಿಷಯ ನನಗೆ ಬಿಟ್ಟರೆ ಮಗನಿಗೂ ಗೊತ್ತಿರಲಿಲ್ಲ.

ಒಂದು ಮುಂಜಾನೆ ಕಚೇರಿಯ ಚಪರಾಸಿ ಬಾಗಿಲಿಗೆ ಬಂದು ಉರ್ದುವಿನಲ್ಲಿ ಏನೋ ಹೇಳಿದ. ಅದರಲ್ಲಿ ನಮಗೆ ತಿಳಿದದ್ದು ಎರಡೇ ಮಾತು: "ಸಾಬ್" ಮತ್ತು "ಕದ್ದು".

ಅತ್ತೆ ಒಳಗೆ ಬಂದು ನನ್ನ ಕೈ ಹಿಡಿದುಕೊಂಡರು. "ಕದ್ದು ಅಂತ ಅಂದನಲ್ಲವಾ. ಸಾಹೇಬಗ ಹ್ಯಾಂಗ ಗೊತ್ತಾತು?"

"ಕೊಟ್ಟುಬಿಡ್ರಿ ಅತ್ತಿ, ಮಗನ ನೌಕರಿ ಉಳೀಲಿ," ಅಂದೆ ನಾನು.

ಅತ್ತೆ ಗಿಡವನ್ನು ಬೇರು ಮಣ್ಣಿನ ಸಮೇತ ಅಗೆದು ಒದ್ದೆ ಅರಿವೆಯಲ್ಲಿ ಕಟ್ಟಿ ಅವನ ಕೈಗಿಟ್ಟರು. "ಕದ್ದಿಲ್ಲಪ್ಪ, ಬರೇ ಒಂದು ಟೊಂಗಿ ಮುರಕೊಂಡಿದ್ದೆ. ಇಗಾ, ಗಿಡಾನೇ ಕೊಟ್ಟೀನಿ ಅಂತ ಹೇಳು." ಅವನು ತಲೆ ಅಲ್ಲಾಡಿಸಿ ಮತ್ತೆ "ಕದ್ದು" ಅಂದ. ಅತ್ತೆ ಒಳಗೆ ಹೋಗಿ, ದೇವರಿಗೆಂದು ಕಟ್ಟಿಟ್ಟಿದ್ದ ಮಾಲೆಯನ್ನೂ ತಂದುಕೊಟ್ಟರು.

ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದರು. "ಅವ್ವಾ, ಕದ್ದು ಅಂದ್ರ ಸೋರಿಕಾಯಿ. ಸಾಹೇಬರು ಖೀರು ಮಾಡ್ಸಾಕ ನಮ್ಮ ಹಿತ್ತಲದ್ದು ಒಂದು ಕೇಳಿ ಕಳಿಸಿದ್ರು. ನೀನು ಮಲ್ಲಿಗಿ ಗಿಡ ಯಾಕ ಕೊಟ್ಟಿ?"

ಅತ್ತೆ, "ಸಾಹೇಬ ಏನಂದ?" ಅಂತ ಕೇಳಿದರು.

"ಖುಷಿ ಆಗ್ಯಾರ. ನಮ್ಮ ಗೋಡಿ ಮ್ಯಾಲಿನ ಬಳ್ಳಿಗಿ ಜೋಡಿ ಸಿಕ್ತು ಅಂದ್ರು."

ಬರೆಯುವವರು

ಬೀಜದ ಪುಡಿಕೆಗಳು ಕಲಸಿಹೋಗುತ್ತವೆಂದು ಯಜಮಾನರು ಒಂದೊಂದರ ಮೇಲೂ ಹೆಸರು ಬರೆದಿಟ್ಟರು. ಕಚೇರಿಯ ರೂಢಿಯಿಂದ ಉರ್ದುವಿನಲ್ಲಿ ಬರೆದರು. ಬಿತ್ತುವ ದಿನ ನಾವು ಓದಿಸಲು ಹೋದರೆ, ಪುಡಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಬಿಸಿಲಿಗೆ ತಂದು ನೋಡಿದರು.

"ನೀನೇ ಬರೆದದ್ದಲ್ಲೇನೋ?" ಅಂದರು ಅತ್ತೆ.

"ನಾನೇ ಬರೆದದ್ದು. ಆದರ ಕಚೇರಿಯೊಳಗ ನಾನು ಬರೆಯೋನು, ಓದಾಕ ಬ್ಯಾರೆಯವರು ಅದಾರ."

ಬಾಲ ಇದ್ದ ಬದನೆಕಾಯಿ

ನಮ್ಮದು ಲಿಂಗ ಕಟ್ಟಿದ ಮನೆತನ. ಬೆಕ್ಕಿಗೂ ರೊಟ್ಟಿ, ಹಾಲು, ಬೇಳೆಯೇ ಊಟ. ಬಂದವರೆದುರು ಅತ್ತೆ ಅದನ್ನು ಹೇಳಿಕೊಳ್ಳುವುದಿತ್ತು.

ಜಹೀರಾಬಾದಿನ ಮಠದ ಹಿರಿಯ ಅಯ್ಯನವರು ಒಮ್ಮೆ ನಮ್ಮಲ್ಲಿ ಪ್ರಸಾದಕ್ಕೆ ಬಂದಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ತೊಟ್ಟಿನ ಸಮೇತ ಎಣ್ಣೆಗಾಯಿ. ಅವರು ಮೊದಲ ತುತ್ತು ಎತ್ತಿದಾಗ ಅತ್ತೆ, "ನಮ್ಮ ಬೆಕ್ಕು ಒಂದು ಇಲಿ ಸುದ್ದಾ ಮುಟ್ಟಿಲ್ರಿ ಅಯ್ಯಾರ," ಅಂದರು.

ಅಷ್ಟರಲ್ಲಿ ಬೆಕ್ಕು ಹಿತ್ತಲಿಂದ ಬಂತು. ಬಾಯಲ್ಲಿ ಕಪ್ಪಗೆ ಏನೋ ಇತ್ತು, ಅದಕ್ಕೊಂದು ಬಾಲ ನೇತಾಡುತ್ತಿತ್ತು. ಅಯ್ಯನವರು ತುತ್ತು ಕೆಳಗಿಟ್ಟು ಎದ್ದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಪ್ರಸಾದದ ನಡುವೆ ಅಯ್ಯನವರು ಎದ್ದು ಹೋದರೆ ನಾವು ನೆಂಟರಿಗೆ ಮುಖ ತೋರಿಸುವಂತಿರಲಿಲ್ಲ. ನಾದಿನಿ ಧೈರ್ಯ ಮಾಡಿ ಹೋಗಿ ಬೆಕ್ಕಿನ ಬಾಯಿಂದ ಅದನ್ನು ಬಿಡಿಸಿದಳು. ಎಳೆಯ ಬದನೆಕಾಯಿ, ಉದ್ದ ತೊಟ್ಟಿನದು.

ಅಯ್ಯನವರು ಮತ್ತೆ ಕೂತರು. ತಮ್ಮ ತಾಟಿನ ಎಣ್ಣೆಗಾಯಿಯನ್ನೊಮ್ಮೆ ತಿರುಗಿಸಿ ನೋಡಿ ಮೆಲ್ಲಗೆ ಅಂದರು: "ಇದರ ಬಾಲ ತೆಗದು ನೀಡ್ರಿ ತಾಯಿ."

ಗೋಡೆ ಹಾರುವ ಪಿಲ್ಲ

ನಾದಿನಿಗೆ ಇಪ್ಪತ್ತು ದಾಟಿದರೂ ಮದುವೆ ಕೂಡಿರಲಿಲ್ಲ. ಕೊನೆಗೆ ನಾರಾಯಣಖೇಡದ ಒಂದು ಒಳ್ಳೆಯ ಮನೆತನದವರು ಸೋಮವಾರ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅತ್ತೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶನಿವಾರ ಪಕ್ಕದ ಮನೆಯ ತೆಲುಗು ಹೆಂಗಸು, ನಾವು ಬಾಯಿ ಅನ್ನುತ್ತಿದ್ದವರು, ಹಿತ್ತಲ ಗೋಡೆಯ ಆಚೆ ನಿಂತು ಅತ್ತೆಯನ್ನು ಕರೆದರು. ಅತ್ತೆಗೆ ಬರುತ್ತಿದ್ದದ್ದು ಹತ್ತೋ ಹನ್ನೆರಡೋ ತೆಲುಗು ಮಾತು, ಅದರಲ್ಲಿ "ಪಿಲ್ಲ" ಅಂದರೆ ಹುಡುಗಿ ಅನ್ನುವುದೂ ಒಂದು. ಅವರಿಗೆ ತಿಳಿದದ್ದು ಇಷ್ಟು: ನಿಮ್ಮ ಪಿಲ್ಲ ದಿನಾ ಗೋಡೆ ಹಾರಿ ಬರುತ್ತಾಳೆ, ಹಾಲು ಕುಡಿಯುತ್ತಾಳೆ, ನಮ್ಮ ದೊಡ್ಡ ಮಗನ ಮಂಚದ ಮೇಲೆ ಮಲಗುತ್ತಾಳೆ.

ಆ ಬಾಯಿ ನಗುತ್ತಾ ನಾಲ್ಕು ಬೆರಳು ತೋರಿಸಿ, ಇವತ್ತು ಮುಂಜಾನೆ ನಾಲ್ಕು ಮಕ್ಕಳನ್ನೂ ಹಡೆದಿದ್ದಾಳೆ ಅಂದರು.

ಅತ್ತೆ ಅಡುಗೆಮನೆಗೆ ಬಂದು ಒರಳಿನ ಪಕ್ಕ ಕುಸಿದು ಕೂತರು. ಕೇಳಿದ್ದನ್ನೆಲ್ಲ ನನಗೆ ಹೇಳಿದರು. "ಅತ್ತಿ, ಆಕಿ ದಿನಾ ನಮ್ಮ ಕಣ್ಣ ಮುಂದೇ ಅದಾಳ. ಯಾವಾಗ ಹಡದಾಳು?"

"ನಾಕು ಅಂತಾಳವಾ. ಒಂದಲ್ಲ."

ನಾದಿನಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅತ್ತೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಸೋಮವಾರ ಬರೋ ಮಂದಿಗಿ ಏನಂತ ಹೇಳ್ಲಿ?" ಅಂದರು, ಕಣ್ಣಲ್ಲಿ ನೀರು.

"ಅವರಿಕಾಳಿನ ಉಸಳಿ ಮಾಡ್ಯಾಳ ಅಂತ ಹೇಳು," ಅಂದಳು ಅವಳು.

ಆಗ ಪಕ್ಕದ ಬಾಯಿ ಬುಟ್ಟಿ ಹಿಡಿದುಕೊಂಡು ಬಂದರು. ಅತ್ತೆ ನೋಡಲೊಲ್ಲರು, ನಾನೇ ಮೇಲಿನ ಅರಿವೆ ಸರಿಸಿದೆ. ಕಣ್ಣು ಬಿಡದ ನಾಲ್ಕು ಬೂದಿ ಬಣ್ಣದ ಮರಿಗಳು. ಹಿಂದೆಯೇ ನಮ್ಮ ಬೆಕ್ಕು ಒದರುತ್ತಾ ಬಂತು. ತೆಲುಗಿನಲ್ಲಿ ಹುಡುಗಿಗೆ ಪಿಲ್ಲ, ಬೆಕ್ಕಿಗೆ ಪಿಲ್ಲಿ. ಬಂದದ್ದು ಬೆಕ್ಕಾದರೂ ಹುಡುಗಿಯಾದರೂ ಅವರಲ್ಲಿ "ವಚ್ಚಿಂದಿ", ನಮ್ಮ ಹಾಗೆ ಬಂತು, ಬಂದಳು ಅಂತ ಬೇರೆ ಇಲ್ಲ.

ಅತ್ತೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದು ಮರಿಯನ್ನೂ ಮುಟ್ಟಿ ನೋಡಿದರು. ಆಮೇಲೆ ಎದ್ದು ಕಣ್ಣೊರೆಸಿಕೊಂಡು ಕಡಲೆಬೇಳೆ ಬೇಯಲಿಟ್ಟರು.

ಮಧ್ಯಾಹ್ನ ಯಜಮಾನರು ತಾಟಿನಲ್ಲಿ ಹೂರಣದ ಹೋಳಿಗೆ ನೋಡಿ ಗಲಿಬಿಲಿಗೊಂಡರು. "ಇವತ್ತ ಯಾವ ಹಬ್ಬ ಅವ್ವಾ?"

"ಬೆಕ್ಕು ಹಡದದ."

"ಬೆಕ್ಕು ಹಡದದ್ದಕ್ಕ ಹೋಳಿಗೇನು?"

"ಹೌದೋ," ಅಂದರು ಅತ್ತೆ, ಇನ್ನೊಂದು ಹೋಳಿಗೆ ನೀಡುತ್ತಾ. "ಬೆಕ್ಕೇ ಹಡದದ. ಅದಕ್ಕೇ ಹೋಳಿಗಿ."