ಚನ್ನಯ್ಯನ ಎಡಗಾಲು

ಯಲ್ಲಾಪುರದವರೊಡನೆ ಫುಟ್‌ಬಾಲ್ ಪಂದ್ಯದ ದಿನ ಬೆಳಿಗ್ಗೆ ಎಂಟು ಗಂಟೆಗೆ ಚನ್ನಯ್ಯನ ಕಾಲು ಉಳುಕಿತೆಂಬ ಸುದ್ದಿ ಬಂತು. ಆಗ ದರ್ಜಿ ಅಂದಾನಪ್ಪ ಅದೇ ಚನ್ನಯ್ಯನ ಒಂಬತ್ತನೇ ನಂಬರಿನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ಸುದ್ದಿ ತಂದವನು ಪಕ್ಕದ ಬೀಡಾ ಅಂಗಡಿಯ ಕೆರಿಯಪ್ಪ.

“ಎಂತ ಇಸ್ತ್ರಿ ಮಾಡ್ತೆ ಮಾರಾಯ? ನಿನ್ನ ಚನ್ನಯ್ಯ ಇವತ್ತೂ ಆಡೂದಿಲ್ಲ. ಬಚ್ಚಲ ಮೆಟ್ಲಲ್ಲಿ ಜಾರಿದ್ನಂತೆ. ಬಲಗಾಲು.”

ಅಂದಾನಪ್ಪ ಇಸ್ತ್ರಿಪೆಟ್ಟಿಗೆಯನ್ನು ಎತ್ತುವುದನ್ನೇ ಮರೆತ. ನೆನಪಾಗಿ ಎತ್ತುವಷ್ಟರಲ್ಲಿ ಒಂಬತ್ತರ ಬಾಲ ಸುಟ್ಟುಹೋಗಿ ಬರೀ ಸೊನ್ನೆ ಉಳಿದಿತ್ತು.

ಯಲ್ಲಾಪುರದವರ ಎದುರು ಮೂರು ವರ್ಷ ಒಂದೇ ಸಮನೆ ಸೋತ ಮೇಲೆ ಶಿರಸಿಯ ಅಡಿಕೆ ವ್ಯಾಪಾರಿಗಳು ಒಟ್ಟಾಗಿ, ಬೆಟಗೇರಿಯಿಂದ ಚನ್ನಯ್ಯನನ್ನು ತಿಂಗಳ ಸಂಬಳದ ಮೇಲೆ ಕರೆಸಿದ್ದರು. ಹೈಸ್ಕೂಲಿನ ಹೆಡ್‌ಮಾಸ್ತರರಿಗೂ ಅಷ್ಟು ಸಂಬಳವಿಲ್ಲ ಎಂದು ಊರು ಮಾತಾಡಿಕೊಂಡಿತ್ತು. ಅದರ ಮೇಲೆ ಇರಲಿಕ್ಕೆ ಖೋಲಿ, ಕುಡಿಯಲಿಕ್ಕೆ ಎಮ್ಮೆ ಹಾಲು. ಬಂದ ವಾರವೇ ಸಿದ್ದಾಪುರದವರ ಎದುರು ನಲವತ್ತು ನಿಮಿಷ ಆಡಿದ. ಅಷ್ಟರಲ್ಲಿ ಮೈದಾನದ ಅರ್ಧದಿಂದ ಹೊಡೆದ ಒಂದು ಚೆಂಡು, ಗೋಲ್‌ಕೀಪರ್ ಇನ್ನೂ ಕೈ ಎತ್ತುತ್ತಿರುವಾಗಲೇ ಬಲೆಯೊಳಗೆ ಹೋಗಿ ಕೂತಿತ್ತು. ಅದನ್ನು ಕಂಡವರಲ್ಲಿ ಅಂದಾನಪ್ಪನೂ ಒಬ್ಬ. ಮುಂದೆ ಎಂಟು ದಿನ ಅಳತೆ ಕೊಡಲು ಬಂದವರಿಗೆಲ್ಲ ಅದನ್ನೇ ವರ್ಣಿಸುತ್ತ ಒಬ್ಬರ ತೋಳಿನ ಅಳತೆಯನ್ನು ಇನ್ನೊಬ್ಬರ ಚಡ್ಡಿಗೆ ಹಾಕಿದ್ದ.

ಅದಾದ ಮೇಲೆ ಏಳು ತಿಂಗಳು ಚನ್ನಯ್ಯ ಮೈದಾನಕ್ಕೆ ಇಳಿಯಲಿಲ್ಲ. ಒಮ್ಮೆ ಹಿಮ್ಮಡಿ. ಒಮ್ಮೆ ಹೆಬ್ಬೆರಳು. ಒಮ್ಮೆ ಹಾರ ಹಾಕಿಸಿಕೊಳ್ಳಲು ಬಗ್ಗಿದಾಗ ಸೊಂಟ. ಪ್ರತಿ ಸಲವೂ ಅಂದಾನಪ್ಪ ಅಂಗಿ ಒಗೆದು ಇಸ್ತ್ರಿ ಮಾಡಿ ಒಯ್ಯುತ್ತಿದ್ದ, ಮಣ್ಣು ಕಾಣದ ಅಂಗಿಯನ್ನು ಹಾಗೆಯೇ ಮಡಚಿ ತರುತ್ತಿದ್ದ. ಗೆರೆಯ ಪಕ್ಕದಲ್ಲಿ ಪಟ್ಟಿ ಕಟ್ಟಿಕೊಂಡು ಕೂತ ಚನ್ನಯ್ಯನನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನೂ ಅವನೇ.

ಈಗ ಅಂಗಡಿಗೆ ಬಾಗಿಲು ಹಾಕಿಕೊಂಡು ನೆಟ್ಟಗೆ ಎದುರಿನ ಹೊಟೇಲಿಗೆ ನಡೆದ. ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಗಜಾನನ ಭಟ್ಟರು ಅಲ್ಲಿ ಅವಲಕ್ಕಿ ತಿನ್ನುತ್ತಿದ್ದರು.

“ಭಟ್ಟರ, ಅವನ ಕಾಲೂ ಉಳುಕಿಲ್ಲ, ಕೈಯೂ ಉಳುಕಿಲ್ಲ. ಅಂವಾ ಖೊಟ್ಟಿ ಅದಾನ, ಬರೇ ನಾಟಕ! ಹಾಲು ಕುಡಿದು ಮಲಗಾಕ ಬಂದಾನ!”

ಹೊಟೇಲಿನಲ್ಲಿದ್ದ ಹತ್ತು ಹನ್ನೆರಡು ಮಂದಿಯೂ ಲೋಟ ಕೆಳಗಿಟ್ಟರು.

“ಬಾಯಿಗೆ ಬಂದದ್ದೆಲ್ಲ ಹೇಳ್ಬೇಡಿ ಮಾರಾಯ್ರೆ. ಸಂಘಕ್ಕೆ ಒಂದು ಮರ್ಯಾದೆ ಹೇಳಿ ಇರ್ತದೆ” ಎಂದರು ಭಟ್ಟರು.

“ಹಾಂಗಾರೆ ಇವ್ನೇ ಹೋಗಿ ಕರ್ಕಂಡು ಬರ್ಲಿ” ಎಂದ ಕೆರಿಯಪ್ಪ. ಊರಿನ ಯಾವ ಜಗಳವನ್ನೂ ಅರ್ಧಕ್ಕೆ ಆರಲು ಬಿಟ್ಟವನಲ್ಲ ಅವನು.

“ಕರಕೊಂಡು ಬರ್ತೀನಿ! ಖೊಟ್ಟಿ ಅಲ್ಲ ಅಂದ್ರ ಇಡೀ ಊರಿನ ಮುಂದ ತಪ್ಪಾತು ಅಂತೀನಿ” ಎಂದ ಅಂದಾನಪ್ಪ.

ಮಾತು ಬಾಯಿಂದ ಬಿದ್ದಾಗಿತ್ತು. ಭಟ್ಟರು ಕೈ ತೊಳೆದುಕೊಂಡು, “ಆಯ್ತು, ಹನ್ನೊಂದರ ಒಳಗೆ ಬನ್ನಿ” ಎಂದರು. ಅವರ ಮುಖ ಯಾಕೋ ಸಪ್ಪಗಾಗಿತ್ತು.

ಅಂದಾನಪ್ಪ ಸುಮ್ಮನೆ ಹೋಗಲಿಲ್ಲ. ಸಂಘದ ಕೋಣೆಯಿಂದ ಚೆಂಡನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೋದ. ಬೈದರೆ, ಬೇಡಿದರೆ ಚನ್ನಯ್ಯ ನರಳುತ್ತಾನೆಂದು ಅವನಿಗೆ ಗೊತ್ತಿತ್ತು. ಚೆಂಡಿನ ಎದುರು ನರಳಲಾರ ಎಂಬುದು ಅವನ ಲೆಕ್ಕಾಚಾರ.

ಚನ್ನಯ್ಯ ಇದ್ದದ್ದು ಸಾವಿತ್ರವ್ವನ ಮನೆಯ ಹೊರಗಿನ ಖೋಲಿಯಲ್ಲಿ. ಅಂಗಳದ ಚಾಪೆಯ ಮೇಲೆ ಸಾವಿತ್ರವ್ವ ಸಂಡಿಗೆ ಒಣಹಾಕಿದ್ದಳು. ಜಗಲಿಯ ಮೇಲೆ ಚನ್ನಯ್ಯ ಬಲಗಾಲಿಗೆ ಅರಿಸಿನದ ಪಟ್ಟಿ ಕಟ್ಟಿಕೊಂಡು, ಕಂಬಕ್ಕೆ ಒರಗಿ, ಹರಕೆಯ ಬಸವನ ಹಾಗೆ ಕಣ್ಣು ಅರ್ಧ ಮುಚ್ಚಿ ಕೂತಿದ್ದ.

ಅಂದಾನಪ್ಪ ಬೇಲಿಯ ದಣಪೆಯ ಹತ್ತಿರವೇ ನಿಂತು, ಮಾತಿಲ್ಲದೆ ಚೆಂಡನ್ನು ಅವನತ್ತ ಎಸೆದ.

ಚೆಂಡು ಒಮ್ಮೆ ಪುಟಿಯಿತು. ಚನ್ನಯ್ಯ ಕಣ್ಣು ತೆರೆದ. ತಾನೇನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಾಗುವ ಮೊದಲು ಜಗಲಿಯಿಂದ ಕೆಳಗೆ ಜಿಗಿದು, ಎಡಗಾಲೂರಿ, ಪಟ್ಟಿ ಕಟ್ಟಿದ ಬಲಗಾಲಿನಿಂದ ಒದ್ದ. ಎಂಥ ಒದೆ! ಏಳು ತಿಂಗಳ ಹಿಂದಿನ ಅದೇ ಒದೆ. ಚೆಂಡು ಸೊಂಯ್ಯನೆ ಹೋಗಿ ಬಚ್ಚಲ ಗೋಡೆಗೆ ಬಡಿದು, ತಿರುಗಿ ಬಂದು ಸಂಡಿಗೆಯ ನಡುವೆ ಬಿತ್ತು.

“ಸಿಕ್ಕಿಬಿದ್ದಿ!” ಎಂದು ಅಂದಾನಪ್ಪ ಕುಣಿದ.

ಕುಣಿದವನು ಹಾಗೆಯೇ ನಿಂತ. ಚನ್ನಯ್ಯ ನೆಲದ ಮೇಲೆ ಬಿದ್ದಿದ್ದ. ಬಾಯಿಂದ ಸ್ವರವೇ ಹೊರಡುತ್ತಿರಲಿಲ್ಲ. ಹಣೆಯ ತುಂಬ ಬೆವರು. ಎರಡೂ ಕೈಯಿಂದ ಎಡ ಮೊಣಕಾಲನ್ನು ಅವುಚಿಕೊಂಡಿದ್ದ.

“ಪಟ್ಟಿ ಬಲಗಾಲಿಗೈತಿ. ಎಡಗಾಲು ಯಾಕ ಹಿಡಕೊಂಡಿ?” ಎಂದ ಅಂದಾನಪ್ಪ. ಅವನ ದನಿ ಸಣ್ಣದಾಗಿತ್ತು.

ಚನ್ನಯ್ಯ ಹಲ್ಲು ಕಚ್ಚಿಕೊಂಡು ಹೇಳಿದ: “ಎಡಗಾಲಿಂದು ಖರೇ ನೋವ್ರಿ, ಅಣ್ಣಾರ. ಬಲಗಾಲಿಂದು ಮಂದಿಗೆ ತೋರಸಾಕ.”

ಅವನನ್ನು ಎತ್ತಿ ಖೋಲಿಗೆ ಒಯ್ದು ಮಲಗಿಸಿದಾಗ ಅಂದಾನಪ್ಪನಿಗೆ ಆ ಮೊಣಕಾಲು ಕಾಣಿಸಿತು. ಒಂದು ಕಡೆಯ ಎಲುಬು ಸರಿದು, ಹದ ತಪ್ಪಿ ಬೇಯಿಸಿದ ಗೆಣಸಿನ ಹಾಗೆ ಊದಿತ್ತು. ಹುಬ್ಬಳ್ಳಿಯ ಒಂದು ಆಟದಲ್ಲಿ ಎರಡು ವರ್ಷದ ಹಿಂದೆಯೇ ಮುರಿದದ್ದು. ಸಿದ್ದಾಪುರದವರೊಡನೆ ಆಡಿದ ನಲವತ್ತು ನಿಮಿಷಕ್ಕೆ ಉಳಿದಿದ್ದಷ್ಟೂ ಮುಗಿದಿತ್ತು.

“ಮತ್ತ ಮೊಣಕಾಲು ಅಂತ ಹೇಳಬೇಕಿಲ್ಲೋ?”

“ಹಿಮ್ಮಡಿ ಅಂದ್ರ ಎಂಟು ದಿನದಾಗ ವಾಸಿ ಆಕ್ಕೈತಿ ಅಂತ ಕಾಯ್ತಾರ್ರಿ. ಮೊಣಕಾಲು ಅಂದ್ರ ಮರುದಿನ ಬಸ್ಸಿಗೆ ಹತ್ತಸ್ತಾರ. ನಮ್ಮವ್ವಗ ಕಣ್ಣು ಮಂಜಾಗಿ ಮಗ್ಗದ ಮುಂದ ಕೂಡೂದ ಬಿಟ್ಟಾಳ. ಮಗಾ ಶಿರಸ್ಯಾಗ ಗೋಲ್ ಹೊಡ್ಯಾಕ ಹತ್ಯಾನ ಅಂತ ಓಣಿ ತುಂಬ ಹೇಳಕೊಂಡು ಅಡ್ಡಾಡ್ತಾಳ.” ಚನ್ನಯ್ಯ ಅಂದಾನಪ್ಪನ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. “ಈ ಊರಾಗ ಇದು ಗೊತ್ತಿರೂದು ನಿಮಗೊಬ್ಬರಿಗೆ. ಯಾರಿಗೂ ಹೇಳಬ್ಯಾಡ್ರಿ. ನನ್ನ ಮ್ಯಾಲಿನ ಆಣಿ.”

ಅಂದಾನಪ್ಪನಿಗೆ ಏಳು ತಿಂಗಳು ಗೆರೆಯ ಪಕ್ಕ ನಿಂತು ತಾನು ಕೂಗಿದ್ದು ಒಂದೊಂದೇ ನೆನಪಾಗಿ, ಎಲ್ಲಾದರೂ ಅಡಗಿಕೊಳ್ಳೋಣ ಎನ್ನಿಸಿತು. ಆ ಸಂಕಟದ ಅಡಿಯಲ್ಲಿ ಒಂದು ಸಣ್ಣ ಹೆಮ್ಮೆಯೂ ಇತ್ತು. ಇಡೀ ಶಿರಸಿಯಲ್ಲಿ ಚನ್ನಯ್ಯ ನಂಬಿದ್ದು ತನ್ನೊಬ್ಬನನ್ನೇ.

“ಇಲ್ಲೋ ಮಾರಾಯ, ಹೇಳಂಗಿಲ್ಲ” ಎಂದ.

ಹೊರಗೆ ಬಂದರೆ ಅಂಗಳದ ತುಂಬ ಜನ. ಸಾವಿತ್ರವ್ವ ಅಡಿಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಸಂಡಿಗೆ ಹಾಳಾದ ಸಿಟ್ಟಿನಲ್ಲಿ ಬೀದಿಗೆ ಹೋಗಿ ಕೂಗಿದ್ದಳು: “ಪಾಪ, ಕಾಲುನೋವಂತ ಸುಮ್ಮನ ಕುಂತಿದ್ದ ಹುಡುಗನ ಮ್ಯಾಲೆ ಚೆಂಡು ಒಗದು ಈ ಸಿಂಪಿಗ್ಯಾ ಕಾಲು ಮುರದಾನ್ರೋ!”

“ಹೌದೇನೋ ಅಂದಾನಪ್ಪ?” ಎಂದ ಕೆರಿಯಪ್ಪ.

ನಿಜ ಹೇಳಿದರೆ ಚನ್ನಯ್ಯ ನಾಳೆ ಬಸ್ಸಿನಲ್ಲಿ. ಅಂದಾನಪ್ಪ ತನ್ನ ಕೈಯನ್ನು ನೋಡಿಕೊಂಡ. ಚನ್ನಯ್ಯನ ತಲೆಯ ಎಣ್ಣೆ ಇನ್ನೂ ಅಂಟಿತ್ತು.

“ಹೌದು” ಎಂದ.

ಮಧ್ಯಾಹ್ನ ಮೂರಕ್ಕೆ ಹೈಸ್ಕೂಲಿನ ಮೈದಾನ ತುಂಬಿತು. ಯಲ್ಲಾಪುರದಿಂದ ಮರ ಸಾಗಿಸುವ ಎರಡು ನಾಟಾ ಲಾರಿಗಳಲ್ಲಿ ಜನ ನಿಂತುಕೊಂಡೇ ಬಂದಿದ್ದರು. ಪುಷ್ಯ ಮಾಸದ ತಣ್ಣಗಿನ ಬಿಸಿಲು, ಯಾರಿಗೂ ತಾಗದ ಹಾಗೆ ಬಿದ್ದುಕೊಂಡಿತ್ತು. ಭಟ್ಟರು ಧ್ವನಿವರ್ಧಕದ ಮುಂದೆ ನಿಂತು, ಚನ್ನಯ್ಯನವರು ಆಡುವುದಿಲ್ಲವೆಂದೂ, ಅವರ ಕಾಲಿಗೆ ಪೆಟ್ಟು ಮಾಡಿದ ದರ್ಜಿ ಅಂದಾನಪ್ಪನವರು ಈಗ ಎರಡು ಮಾತು ಹೇಳುವರೆಂದೂ ಸಾರಿದರು.

ಅಂದಾನಪ್ಪ ಹುಟ್ಟಿದಾಗಿನಿಂದ ಮೈಕಿನಲ್ಲಿ ಮಾತಾಡಿದವನಲ್ಲ. “ನಾನು… ಚನ್ನಯ್ಯ ಖೊಟ್ಟಿ ಅಂದಿದ್ದೆ. ಅಂವಾ ಖೊಟ್ಟಿ ಅಲ್ಲ. ಅವನ ಕಾಲು… ನನ್ನಿಂದ… ತಪ್ಪಾತು” ಎಂದು ತೊದಲಿ ಹಿಂದೆ ಸರಿದ.

ಶಿರಸಿಯವರು ಒಬ್ಬರೂ ಕೆಮ್ಮಲಿಲ್ಲ. ಆದರೆ ಯಲ್ಲಾಪುರದವರ ಕಡೆಯಿಂದ ಚಪ್ಪಾಳೆ ಎದ್ದಿತು. “ದರ್ಜಿ ಅಂದಾನಪ್ಪನಿಗೆ ಜೈ!” ಎಂದು ನಾಲ್ಕು ಜನ ಓಡಿಬಂದು, ತಮ್ಮ ನಾಯಕನಿಗೆಂದು ತಂದಿದ್ದ ಸೇವಂತಿಗೆಯ ಹಾರವನ್ನು ಅವನ ಕೊರಳಿಗೆ ಹಾಕಿ, ಹೆಗಲ ಮೇಲೆ ಹೊತ್ತು ಮೈದಾನ ಒಂದು ಸುತ್ತು ಹಾಕಿಸಿದರು. ಶಿರಸಿಯವರ ಮುಂದೆ ಹಾಯುವಾಗ ಅಂದಾನಪ್ಪ ಟೊಪ್ಪಿಗೆಯನ್ನು ಮುಖದ ಮೇಲೆ ಎಳೆದುಕೊಂಡ. ಅದನ್ನು ಅವರು ನಮಸ್ಕಾರವೆಂದು ತಿಳಿದರು. ಒಬ್ಬ ಸೆಗಣಿ ಎಸೆದ. ಅದು ಗುರಿ ತಪ್ಪಲಿಲ್ಲ. ಆ ದಿನ ಶಿರಸಿಯವರು ಗುರಿ ತಪ್ಪದೆ ಹೊಡೆದದ್ದು ಅದೊಂದೇ.

ಯಲ್ಲಾಪುರ ನಾಲ್ಕು ಗೋಲು ಹೊಡೆಯಿತು. ಒಂದೊಂದು ಗೋಲಿಗೂ ಲಾರಿಯವರು ಬಂದು ಅಂದಾನಪ್ಪನ ಕೈ ಕುಲುಕಿ ಹೋದರು.

ಆಟ ಮುಗಿದ ಮೇಲೆ ಸಂಘದವರೆಲ್ಲ ಹೊಟೇಲಿನಲ್ಲಿ ಸೇರಿದರು. ಹೆಣ ಇಟ್ಟುಕೊಂಡು ಕೂತವರ ಹಾಗೆ ಕೂತಿದ್ದರು. ಭಟ್ಟರು ಠರಾವು ಬರೆದು ಓದಿದರು: “ದರ್ಜಿ ಅಂದಾನಪ್ಪನವರ ಕೃತ್ಯದಿಂದ ಚನ್ನಯ್ಯನವರ ಕಾಲಿಗೆ ಪೆಟ್ಟಾಗಿರುವ ಕಾರಣ, ಸಂಘವು ಅವರ ಸಂಬಳವನ್ನು ಹಿಂದಿನಂತೆ ಮುಂದುವರಿಸತಕ್ಕದ್ದು. ಸಂಡಿಗೆ ಹಾಳಾದ ಕಾರಣಕ್ಕೆ ಸಾವಿತ್ರವ್ವನವರು ಖೋಲಿ ಬಿಡಿಸಿದ್ದರಿಂದ, ಕಾಲು ಪೂರ್ತಿ ಗುಣವಾಗುವ ತನಕ ಚನ್ನಯ್ಯನವರ ವಸತಿ, ಊಟ, ಆರೈಕೆ ಅಂದಾನಪ್ಪನವರ ಮನೆಯಲ್ಲಿ ಆಗತಕ್ಕದ್ದು.”

ಎಲ್ಲರೂ ಕೈ ಎತ್ತಿದರು. ಎತ್ತುವಾಗ ಯಾರೂ ಅಂದಾನಪ್ಪನ ಮುಖ ನೋಡಲಿಲ್ಲ.

ಪೂರ್ತಿ ಗುಣವಾಗುವ ತನಕ! ಅಂದಾನಪ್ಪ ಭಟ್ಟರ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದ. “ಭಟ್ಟರ, ಒಂದು ಮಾತು ಹೇಳಬೇಕಾಗಿತ್ತು. ಹೇಳಾಕ ಬರಂಗಿಲ್ಲ. ಆದರ ಆ ಕಾಲು…”

“ಎಡಗಾಲಿನ ವಿಷಯ ಅಲ್ಲದಾ?” ಎಂದರು ಭಟ್ಟರು ಪಿಸುದನಿಯಲ್ಲಿ. “ಗೊತ್ತುಂಟು ಮಾರಾಯ್ರೆ. ಆರು ತಿಂಗಳ ಹಿಂದೆ ಬೈಲಿಕ್ಕೆ ಹೋದಾಗ ನನ್ನ ಕೈ ತಲೆ ಮೇಲೆ ಇಟ್ಕೊಂಡು ಹೇಳಿದ. ಊರಲ್ಲಿ ನನಗೊಬ್ಬನಿಗೇ ಗೊತ್ತು ಹೇಳಿ ತಿಳ್ಕೊಂಡಿದ್ದೆ. ನಿಮಗೂ ಹೇಳಿದ್ನಾ?”

“ಗೊತ್ತಿದ್ದು ನನ್ನ ಮೈಕಿನ ಮುಂದ ನಿಲ್ಲಿಸಿದ್ರಿ?”

“ಆಣೆ ಇತ್ತಲ್ರೀ! ಅದೂ ಅಲ್ದೆ, ಈ ಕಾಲಿಗೆ ಒಂದು ಕಾರಣ ಬೇಕಾಗಿತ್ತು. ವ್ಯಾಪಾರಿಗಳಿಗೆ ಹೇಳಿ ಹೇಳಿ ನಂಗೆ ಹಿಮ್ಮಡಿ, ಹೆಬ್ಬೆರಳು ಎಲ್ಲ ಮುಗಿದಿತ್ತು. ನೀವು ಸಿಕ್ಕಿದ್ರಿ.” ಭಟ್ಟರು ನಿಟ್ಟುಸಿರುಬಿಟ್ಟು, ತಾವಿನ್ನೇನು ಮಾಡಬೇಕಿತ್ತು ಎಂಬಂತೆ, ತಮ್ಮಷ್ಟಕ್ಕೆ ತಾವೇ “ಆನು ಎಂತ ಮಾಡವು ಹಂಗಾರೆ” ಎನ್ನುತ್ತ ಒಳಗೆ ಹೋದರು.

ಹೊಟೇಲಿನ ಬಾಗಿಲಲ್ಲಿ ಕೆರಿಯಪ್ಪ ನಿಂತಿದ್ದ. ಆಚೆ ಈಚೆ ನೋಡಿ ಅಂದಾನಪ್ಪನ ಕಿವಿಗೆ ಬಾಯಿಟ್ಟ. “ಬೇಜಾರ ಮಾಡ್ಕಬ್ಯಾಡ. ನೀ ಮುರಿದದ್ದಲ್ಲ ಅದು ಅಂತ ನಂಗೆ ಗೊತ್ತದೆ. ಹೆಂಗೆ ಗೊತ್ತು ಅಂತ ಮಾತ್ರ ಕೇಳ್ಬ್ಯಾಡ. ಆಣೆ ಅದೆ.”

ಅಂದಾನಪ್ಪ ತಿರುಗಿ ಒಳಗೆ ನೋಡಿದ. ಕೈ ಎತ್ತಿದ್ದ ಹನ್ನೆರಡು ಮಂದಿಯೂ ಒಬ್ಬೊಬ್ಬರಾಗಿ ಚಹಾದ ಲೋಟದೊಳಗೆ ಕಣ್ಣು ಇಳಿಸಿದರು.

ಅವನು ಮನೆ ಮುಟ್ಟುವ ಮೊದಲೇ ಚನ್ನಯ್ಯನ ಟ್ರಂಕು ಮನೆ ಮುಟ್ಟಿತ್ತು. ಒಳಗಿದ್ದ ಒಂದೇ ಮಂಚದ ಮೇಲೆ ಚನ್ನಯ್ಯ ಮಲಗಿದ್ದ. ಹೆಂಡತಿ ಗುರುಶಾಂತವ್ವ ಔಡಲ ಎಲೆಯನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು.

“ಇಕಾ, ಒಂದು ಮಾತು. ಯಾರಿಗೂ ಹೇಳಬ್ಯಾಡ” ಎಂದು ಅಂದಾನಪ್ಪ ಶುರು ಮಾಡಿದ.

“ಗೊತ್ತೈತಿ” ಎಂದಳು ಅವಳು, ತಲೆ ಎತ್ತದೆ. “ಪಂಚಮಿಗೆ ಉಂಡಿ ಕೊಡಾಕ ಹೋದಾಗ ಹೇಳಿದ್ದ. ನಿಮಗಂತೂ ಹೇಳಬ್ಯಾಡ ಅಂತ ಆಣಿ ಹಾಕಿದ್ದ. ನೀವು ಊರ ತುಂಬ ಸಾರ್ತೀರಿ ಅಂತ.”

ಅಂದಾನಪ್ಪ ಮಂಚದ ಕಾಲಿನ ಹತ್ತಿರ ಕುಕ್ಕರಿಸಿದ. ಬೈಯಬೇಕೆಂದು ಬಾಯಿ ತೆರೆದ. ಏಳು ತಿಂಗಳು ತಡೆಯಿಲ್ಲದೆ ಬಂದ ಬೈಗಳು ಈಗ ಒಂದೂ ಬರಲಿಲ್ಲ. ಚನ್ನಯ್ಯ ಗೋಡೆಯ ಕಡೆ ಮುಖ ಮಾಡಿದ್ದ. ಅವನ ಭುಜ ಅಲುಗುತ್ತಿತ್ತು.

“ಎಷ್ಟಕ್ಕ ಸೋತ್ರಿ, ಅಣ್ಣಾರ?” ಎಂದ ಕೊನೆಗೆ.

“ನಾಕು.”

“ನಾನಿದ್ರ ನಾಕ್ ಆಗ್ತಿದ್ದಿಲ್ಲ ಬಿಡ್ರಿ.”

ಅಷ್ಟು ದಣಿವಿನಲ್ಲೂ ಅಂದಾನಪ್ಪನ ಎದೆಯಲ್ಲಿ ಏನೋ ಒಂದು ಎದ್ದು ಕೂತಿತು. “ಎಷ್ಟಾಗ್ತಿತ್ತು?” ಎಂದು ಕೇಳಿದ.

ಚನ್ನಯ್ಯ ಈ ಕಡೆ ಹೊರಳಿ, ಮೊಣಕಾಲನ್ನು ನೋಡಿಕೊಳ್ಳುತ್ತ ಮನಸ್ಸಿನಲ್ಲೇ ಆಟವನ್ನು ಪೂರ್ತಿ ಆಡಿ ಮುಗಿಸಿದ.

“ಏಳಕ್ಕ ಸೋಲ್ತಿದ್ವಿ” ಎಂದ.