ಫೇಟಾ ಸುತ್ತಿಸಿಕೊಂಡು ಬಂದ ಪ್ರತಿನಿಧಿ

ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಮತ ಹಾಕಿ ಬಂದ ಮೇಲೆ ಉಳಿದವರೆಲ್ಲ ಚಹಾ ಕುಡಿದು ಹರಟೆ ಹೊಡೆಯುತ್ತಾರೆ. ನನಗೆ ಮಾತ್ರ ಶಿಕ್ಕಾದ, ಅಂದರೆ ಚೀಟಿಗೆ ಒತ್ತಿದ ಮುದ್ರೆಯ, ಚಿಂತೆ. ಒತ್ತಿದ ಮಸಿ ಒಣಗುವ ಮೊದಲೇ ಚೀಟಿ ಮಡಚಿದರೆ ಅದು ಬೇರೆಯವನ ಚಿಹ್ನೆಗೂ ಅಂಟಿ, ನನ್ನ ಒಂದು ಮತ ಇಬ್ಬರಿಗೂ ಬಿದ್ದಂತಾಗುವುದಿಲ್ಲವೇ? ಅದಕ್ಕೇ ರಟ್ಟಿನ ಮರೆಯಲ್ಲಿ ನಿಂತು ಚೀಟಿಯನ್ನು ಊದುತ್ತೇನೆ. ಒಮ್ಮೆ ಮತಗಟ್ಟೆಯ ಅಧಿಕಾರಿ "ಏನ್ರಿ, ಒಳಗ ಒಲಿ ಹಚ್ಚಾಕತ್ತೀರೇನು?" ಎಂದು ಕೂಗಿ ಸಾಲಿನವರನ್ನೆಲ್ಲ ನಗಿಸಿದ್ದರು. ಇಷ್ಟು ಜೋಪಾನ ಮಾಡಿ ಕಳಿಸಿದ ಮನುಷ್ಯ ಗೆದ್ದ ಮೇಲೆ ನನ್ನ ಮನಸ್ಸಿನಲ್ಲಿರುವುದನ್ನು ಮಾತಾಡುತ್ತಾನೋ, ತನ್ನ ಮನಸ್ಸಿನಲ್ಲಿರುವುದನ್ನೋ ಎಂಬುದು ಮುಂದಿನ ಚುನಾವಣೆಯವರೆಗಿನ ಚಿಂತೆ. ಈ ವಿಷಯದಲ್ಲಿ ಶಾಸಕರನ್ನು ನಾನು ಬೈದಷ್ಟು ನಮ್ಮೂರಲ್ಲಿ ಯಾರೂ ಬೈದಿರಲಿಕ್ಕಿಲ್ಲ. ಮನೆಯಲ್ಲಿ ಕುಳಿತು, ಮೆಲ್ಲನೆಯ ದನಿಯಲ್ಲಿ.

ನಮ್ಮೂರು ಅಕ್ಕೋಳದಾಚೆ. ಅಲ್ಲಿಯ ಹಾಲಿನ ಸೊಸಾಯಿಟಿಯಲ್ಲಿ ನಾನು ಗುಮಾಸ್ತ. ಮಗಳು ಸುನಂದಾ ಮತ್ತು ಅವಳ ಗೆಳತಿಯರು ನಿಪ್ಪಾಣಿಯ ಕಾಲೇಜಿಗೆ ಹೋಗಲು ಬೆಳಗ್ಗೆ ಒಂದೇ ಬಸ್ಸು. ಅದು ಹಿಂದಿನ ಊರುಗಳಲ್ಲೇ ತುಂಬಿಕೊಂಡು ಬಂದು, ನಮ್ಮ ಫಾಟಾದಲ್ಲಿ, ಅಂದರೆ ಊರ ದಾರಿ ಡಾಂಬರು ರಸ್ತೆಗೆ ಕೂಡುವಲ್ಲಿ, ಈ ಹುಡುಗಿಯರ ಮೇಲೆ ಧೂಳೆರಚಿ ಹೋಗಿಬಿಡುತ್ತಿತ್ತು. ಹಾಜರಿ ಹೀಗೇ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಮಗಳು ಪುಸ್ತಕದ ಚೀಲ ಹಿಡಿದು ಫಾಟಾದಿಂದ ಹಿಂದಿರುಗಿ ಬರುವುದನ್ನು ಕಂಡಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಊರವರು ಸಭೆ ಸೇರಿ, ಶಾಸಕರನ್ನೇ ಕಂಡು ಬಸ್ಸು ನಿಲ್ಲಿಸುವಂತೆ ಕೇಳುವುದೆಂದು ತೀರ್ಮಾನಿಸಿದರು. ಮಾತಾಡುವವರು ಯಾರು? ಕಬ್ಬು ಬೆಳೆಯುವ ಜಿನ್ನಪ್ಪಣ್ಣ ನನ್ನತ್ತ ಬೆರಳು ತೋರಿಸಿದ. "ಗುಮಾಸ್ತರು ಮಾತಾಡ್ಲಿ. ನಾವು ಬಾಯಿ ತಗದ್ರ ಜಗಳಾ ಆಗತೈತಿ." ಎಲ್ಲರೂ ಕೈ ಎತ್ತಿದರು. ಹೀಗೆ ನಾನು ಸರ್ವಾನುಮತದಿಂದ ಚುನಾಯಿತನಾದೆ. ಮನೆಯಲ್ಲಿ ಮಾತ್ರ ವಿರೋಧ ಪಕ್ಷ ಎಚ್ಚರವಾಗಿತ್ತು. "ಬದನಿಕಾಯಿ ತರ್ರಿ ಅಂದ್ರ ಕೋಬಿ ತರ್ತೀರಿ," ಎಂದಳು ಹೆಂಡತಿ ಶಾಂತಾ. "ಯಾಕಂದ್ರ ಕಾಯಿಪಲ್ಲೆದಾಂವ ಅದನ್ನ ಒಯ್ರಿ ಅಂದಾ ಅಂತೀರಿ. ಊರಿನ ಮಾತು ಏನ ಹೇಳ್ತೀರೋ, ದೇವರಿಗೇ ಗೊತ್ತು."

ಬಸ್ಸು ನಿಲ್ಲುವುದಿಲ್ಲವಾದ್ದರಿಂದ ಜಿನ್ನಪ್ಪಣ್ಣನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು ಹೊರಟೆವು. ನಮ್ಮ ಕಡೆ ಬರಿಗೈಯಲ್ಲಿ ಯಾರನ್ನೂ ಕಾಣುವ ಪದ್ಧತಿಯಿಲ್ಲ. ತಕರಾರು ಹೇಳಲು ಹೋದರೂ ಮೊದಲು ಸತ್ಕಾರ ಆಗಲೇಬೇಕು. ಹಾರ, ಶಾಲು, ತೆಂಗಿನಕಾಯಿ ಜೊತೆಗಿದ್ದವು. ಶಾಸಕರ ಮನೆ ಮುಟ್ಟಿ ಅವರಿಗೆ ಹಾರ ಹಾಕಿದ ಮೇಲೆ ಎರಡು ಮಾತು ಆಡಬೇಕಲ್ಲ, ಆಡಿದೆ. "ಜನರ ಕಷ್ಟ ಹೇಳುವ ಮೊದಲೇ ಅರಿತುಕೊಳ್ಳುವ ನಾಯಕರು" ಎಂದೆ. ಅಂದಮೇಲೆ ಹೊಳೆಯಿತು, ಇನ್ನು ಕಷ್ಟ ಹೇಳುವುದು ಹೇಗೆ?

ಅಷ್ಟರಲ್ಲಿ ಶಾಸಕ ಸಾಹೇಬರು "ಏ, ಫೇಟಾ ತರ್ರಿ!" ಎಂದರು. ಅವರ ಮನೆಯಲ್ಲಿ ಫೇಟಾ ಸುತ್ತಲೆಂದೇ ಒಬ್ಬನಿದ್ದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೇಸರಿ ಬಣ್ಣದ ಉದ್ದನೆಯ ಬಟ್ಟೆ ನನ್ನ ತಲೆಯನ್ನು ಸುತ್ತುವರಿಯಿತು. ಹುಟ್ಟಿದ ಮೇಲೆ ನನಗೆ ಫೇಟಾ ಸುತ್ತಿದ್ದು ಎರಡೇ ಸಲ. ಮೊದಲನೆಯದು ಮದುವೆಯಲ್ಲಿ, ಆಗಲೂ ನನಗೆ ಮಾತಾಡಲಾಗಿರಲಿಲ್ಲ. ನನ್ನದು ಸಣ್ಣ ತಲೆ, ಫೇಟಾ ಸಡಿಲ. ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದರೆ ಜಾರುತ್ತಿತ್ತು, ಹೌದೆಂದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಮಾತ್ರ ನಿಲ್ಲುತ್ತಿತ್ತು.

"ಊರಾಗ ಎಲ್ಲಾ ಆರಾಮಲ್ರಿ?" ಎಂದರು ಸಾಹೇಬರು. ನಾನು ತಲೆಯಾಡಿಸಿದೆ.

ಜಿನ್ನಪ್ಪಣ್ಣ ಹಿಂದಿನಿಂದ ಬೆನ್ನಿಗೆ ತಿವಿದ. ನಾನು ಧೈರ್ಯ ತಂದುಕೊಂಡು, "ಸಾಹೇಬರ, ಅದು... ಬಸ್ಸಿಂದು..." ಎಂದೆ.

"ಹಾಂ, ಬಸ್ಸಿಗೆ ಬಂದ್ರೇನು? ತ್ರಾಸ ಆಗ್ಲಿಲ್ಲಲ್ಲ?"

"ಇಲ್ರಿ, ಇಲ್ರಿ. ಭಾಳ ಛಲೋ ಬಂತ್ರಿ."

ಅವರು ಸಂತೋಷದಿಂದ ನನ್ನ ಭುಜ ತಟ್ಟಿ, ಪಕ್ಕದಲ್ಲಿ ಕಾದಿದ್ದ ಇನ್ನೊಂದು ಊರಿನವರ ಕಡೆ ತಿರುಗಿದರು. ನಮಗೆ ಕನ್ನಡದಲ್ಲಿ, ಅವರಿಗೆ ಮರಾಠಿಯಲ್ಲಿ, ಇಬ್ಬರಿಗೂ ಒಂದೇ ಅಳತೆಯ ಪ್ರೀತಿ. ಫೇಟಾದವ ಆಗಲೇ ಮುಂದಿನ ತಲೆ ಹುಡುಕುತ್ತಿದ್ದ.

ಮತ್ತೆ ಟ್ರೇಲರ್ ಹತ್ತಿ ಹಿಂದಿರುಗಿದೆವು. ಊರು ಹತ್ತಿರ ಬಂದಾಗ ಜಿನ್ನಪ್ಪಣ್ಣ ತಿರುಗಿ, "ಗುಮಾಸ್ತರ, ಬಸ್ಸು ಛಲೋ ಬಂತು ಅಂದ್ರೆಲ್ಲಾ, ನಮ್ಮ ಟ್ರ್ಯಾಕ್ಟರಿಗೆ ಒಬ್ಬ ಕಂಡಕ್ಟರನ್ನ ಇಡ್ಲೇನ್ರಿ?" ಎಂದ. ಮನೆಯ ಬಾಗಿಲಲ್ಲೇ ಸುನಂದಾ ನಿಂತಿದ್ದಳು. "ಅಪ್ಪಾ, ಏನಂದ್ರು?"

"ಪ್ರಯತ್ನ ನಡಸ್ಯಾರ. ನೋಡೂಣು," ಎಂದೆ. ಸಾಹೇಬರು ಹಾಗೆ ಅಂದೇ ಇರಲಿಲ್ಲ. ಇದು ನನ್ನ ಸ್ವಂತ ಆಶ್ವಾಸನೆ. ಬಾಯಿಂದ ಎಷ್ಟು ಸರಾಗವಾಗಿ ಹೊರಟಿತೆಂದರೆ ನನಗೇ ನಂಬಿಕೆ ಬಂತು. ಮಗಳಿಗೆ ಬರಲಿಲ್ಲ. ಶಾಂತಾ ಮಾತ್ರ ಫೇಟಾ ಬಿಚ್ಚಿ ಬಟ್ಟೆಯನ್ನು ಹಿಡಿದು ನೋಡಿ, "ಅರಿವಿ ಛಲೋ ಐತಿ. ಶಾವಿಗಿ ಒಣಗಸಾಕ ಬರತೈತಿ," ಎಂದಳು. ಆ ನಿಯೋಗದಿಂದ ಊರಿಗಾದ ಲಾಭ ಅಷ್ಟೇ.

ಮರುದಿನ ಬೆಳಗ್ಗೆ ಚಿಂತೆಯಾಗಿ ನಾನೂ ಫಾಟಾಕ್ಕೆ ಹೋದೆ. ಬಸ್ಸು ಕಾಣಿಸಿತು. ಸುನಂದಾ ಮತ್ತು ಗೆಳತಿಯರು ನೆಟ್ಟಗೆ ಹೋಗಿ ರಸ್ತೆಯ ನಡುವೆ ಅಡ್ಡಲಾಗಿ ನಿಂತುಬಿಟ್ಟರು. ಬಸ್ಸು ಕಿರುಗುಟ್ಟಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಸಾಯಾಕ ಬಂದೀರೇನ್ರಬೇ?" ಎಂದು ಗದರಿದ.

"ಕಲ್ಯಾಕ ಬಂದೇವಿ. ಬಾಗಲಾ ತಗಸ್ರಿ!" ಎಂದಳು ನನ್ನ ಮಗಳು.

ನಾನು ಓಡಿಹೋಗಿ ಡ್ರೈವರನಿಗೆ, "ಸಿಟ್ಟಾಗಬ್ಯಾಡ್ರಿ ಮಾಮಾ, ಸಣ್ಣ ಹುಡುಗ್ಯಾರು, ತಿಳಿಯೂದಿಲ್ಲ. ನಿಮ್ಮ ಕಷ್ಟಾನೂ ನಮಗ ಗೊತ್ತೈತ್ರಿ, ಗಾಡಿ ತುಂಬಿರತೈತಿ..." ಎಂದು ಹೇಳತೊಡಗಿದೆ. ಅಷ್ಟರಲ್ಲಿ ಹುಡುಗಿಯರು ನೂಕಿಕೊಂಡು ಹತ್ತಿಯಾಗಿತ್ತು. ಸುನಂದಾ ಕಿಟಕಿಯಿಂದ ಮುಖ ಹಾಕಿ ಕೇಳಿದಳು: "ಅಪ್ಪಾ, ನೀ ಯಾರ ಕಡೆಯಾಂವ?"

ಬಸ್ಸು ಹೊರಟೇಬಿಟ್ಟಿತು. ಧೂಳು ಇಳಿದ ಮೇಲೆ ನನ್ನನ್ನು ನಾನೇ ನೋಡಿಕೊಂಡೆ. ಎರಡೂ ಕೈ ಜೋಡಿಸಿಕೊಂಡು, ಡ್ರೈವರನಿಗೂ, ಮಗಳಿಗೂ, ಪರಿಚಯವಿಲ್ಲದ ಅಷ್ಟೂ ಕಿಟಕಿಗಳಿಗೂ ಸಮನಾಗಿ ನಗುತ್ತ ಇನ್ನೂ ನಿಂತಿದ್ದೆ.