ಕೊಡಲು ಹೋಗಿ ಉಂಡು ಬರುವ ಅತ್ತೆ

ನಮ್ಮ ಸೋದರತ್ತೆಯಂಥ ನಾಚಿಕೆ ಬಿಟ್ಟ ದಾನಿ ಇಡೀ ಬೆಳಗಾವಿಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕೊಡಲು ಹೋದ ಮನೆಯಲ್ಲೇ ಹೊಟ್ಟೆತುಂಬ ಉಂಡು ಬರುತ್ತಾಳೆ! ಉಂಡರೆ ಉಣ್ಣಲಿ, ಅಡುಗೆಗೆ ಹೆಸರಿಟ್ಟೂ ಬರಬೇಕೆ?

ತೀರಿಕೊಂಡ ಸೈನಿಕರ ಮನೆಯವರಿಗೆ ನೆರವಾಗಲು ಅನಗೋಳದ ನಾಲ್ಕಾರು ಹೆಂಗಸರು ಸಂಘ ಕಟ್ಟಿಕೊಂಡಿದ್ದಾರೆ. ವಂತಿಗೆ ಎತ್ತುವುದು ಅತ್ತೆಯ ಪಾಲಿನ ಕೆಲಸ. ಅವಳನ್ನು ದೂರದಿಂದ ಕಂಡರೇ ಟಿಳಕವಾಡಿಯ ಅಂಗಡಿಯವರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ.

ಬಟ್ಟೆ ವ್ಯಾಪಾರಿಯೊಬ್ಬ, "ಕೊಡೂ ಮುಂದ ಪೇಪರದವರನ್ನ ಕರೀರಿ ಅಕ್ಕಾರ, ಒಂದು ಫೋಟೋ ಆಗ್ಲಿ," ಎಂದ.

"ಫೋಟೋ ಬೇಕಂದ್ರ ಬಾಜೂ ಸ್ಟುಡಿಯೋಕ್ಕ ಹೋಗಪಾ. ಕೋಟು ಅವರ ಕೊಡ್ತಾರ, ಛಂದ ಕಾಣ್ತಿ!"

ಪಾಪ, ತೆಪ್ಪಗೆ ಕೊಟ್ಟ.

ಸದಾಶಿವನಗರದ ಶ್ರೀಮಂತರ ಮನೆಯವರು ಯೋಧನ ಹೆಂಡತಿಗೆಂದು ಹರಕು ಸೀರೆ ಕೊಟ್ಟರು. ಮರುವಾರ ಆ ಮನೆಯ ತೊಟ್ಟಿಲ ಕಾರ್ಯಕ್ಕೆ ಅತ್ತೆ ಅದನ್ನೇ ಉಟ್ಟು ಹೋದಳು. ಕೇಳಿದವರಿಗೂ ಕೇಳದವರಿಗೂ, "ಇವರ ಕೊಟ್ಟಿದ್ರಿ, ಭಾಳ ದೊಡ್ಡ ಮನಸ್ಸು!" ಎಂದು ಸೆರಗಿನ ತೂತು ತೋರಿಸಿದಳು. ಸಂಜೆಯೊಳಗೆ ಹೊಸ ಸೀರೆ ಬಂತು.

ಹೋದ ತಿಂಗಳು ನನ್ನನ್ನು ಡ್ರೈವರ್ ಮಾಡಿಕೊಂಡು ಖಾನಾಪುರಕ್ಕೆ ಹೊರಟಳು. ಅಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಸಂಘದ ನೆರವನ್ನು ಒಮ್ಮೆ ವಾಪಸ್ ಕಳಿಸಿದ್ದಳು. ಅವಳ ಮಗಳು ಶಾಲೆ ಬಿಡುವ ಹಾಗಾಗಿತ್ತು. ಈ ಸಲವೂ ಬೇಡವೆಂದರೆ ಏನು ಮಾಡುವುದು?

ಹುಡುಗಿ ಬಾಗಿಲಲ್ಲೇ ನಿಂತು, "ನಮಗೇನೂ ಬ್ಯಾಡ್ರಿ," ಎಂದಳು.

"ನಿನಗ ಬ್ಯಾಡಾದ್ರ ಇರ್ಲಿ, ನನಗ ಹಸಿವ್ಯಾಗೈತಿ. ಅಡಗಿ ಏನು ಮಾಡಿ?" ಎನ್ನುತ್ತ ಅತ್ತೆ ಸೀದಾ ಅಡುಗೆಮನೆಗೆ ನುಗ್ಗಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು!

ಹುಡುಗಿ ಗಲಿಬಿಲಿಗೊಂಡು ಒಲೆ ಹಚ್ಚಿ ರೊಟ್ಟಿ ಬಡಿದಳು. ಅತ್ತೆ ಹುರುಳಿ ಸಾರನ್ನು ಎರಡು ಸಲ ಹಾಕಿಸಿಕೊಂಡು, "ಉಪ್ಪು ಕಡಿಮಿ ಆಗೈತಿ ನೋಡವಾ," ಎಂದಳು.

ಹುಡುಗಿ ಮೊದಲು ನಕ್ಕಳು, ಆಮೇಲೆ ಅತ್ತಳು. "ಅವ್ರು ಹೋದಾಗಿಂದ ನಮ್ಮನ್ಯಾಗ ಯಾರೂ ಚಹಾ ಸುದ್ದಾ ಕುಡದಿಲ್ರಿ. ಕೊಡ್ತಾರ, ಕೈ ಮುಗೀತಾರ, ಎದ್ದು ಹೋಗ್ತಾರ."

ನನಗೆ ಅತ್ತೆಯ ಗಂಡ, ನಮ್ಮ ಮಾಮ ನೆನಪಾದ. ಅವನೂ ಸೈನ್ಯದಲ್ಲಿದ್ದವನೇ. ಅವನು ತೀರಿಕೊಂಡು ತಿಂಗಳು ಕಳೆದರೂ ಅತ್ತೆಯ ಮನೆಗೆ ಬಂದವರು ಚಹಾ ಮುಟ್ಟುತ್ತಿರಲಿಲ್ಲ. ಸಾವಾದ ಮನೆಯಲ್ಲಿ 'ಹೋಗಿ ಬರುತ್ತೇನೆ' ಎನ್ನಬಾರದೆಂದು ಸುಮ್ಮನೆ ಎದ್ದು ಹೋಗುತ್ತಿದ್ದರು. ಆಮೇಲೆ ಅತ್ತೆ ಆರಿದ ಚಹಾ ಚೆಲ್ಲುತ್ತಿದ್ದಳು. ಚಿಕ್ಕವನಿದ್ದಾಗ ನಾನೇ ನೋಡಿದ್ದೇನೆ, ಈಗಲೂ ಸಂಕಟವಾಗುತ್ತದೆ.

"ನಾ ನಿನ್ನ ರೊಟ್ಟಿ ಉಂಡೆ. ಈಗ ನಾ ಕೊಟ್ಟಿದ್ದನ್ನ ನೀ ಇಸ್ಕೊ. ಕೂಸು ಸಾಲಿಗೆ ಹೋಗ್ಲಿ," ಎಂದಳು ಅತ್ತೆ. ಹುಡುಗಿ ಕೈ ಚಾಚಿ ತೆಗೆದುಕೊಂಡಳು.

ಹೊರಡುವಾಗ ಅತ್ತೆ ಓಣಿಗೆಲ್ಲ ಕೇಳುವಂತೆ, "ಹೋಗಿ ಬರ್ತೀನವಾ!" ಎಂದು ಕೂಗಿದಳು.

ಹುಡುಗಿ ಕಾರಿನ ತನಕ ಓಡಿಬಂದಳು. "ಖರೇನ ಬರ್ರಿ ಅವ್ವಾರ. ಮುಂದಿನ ಸಲ ಉಪ್ಪು ಸರಿಯಾಗಿ ಹಾಕ್ತೀನಿ."

ಕಾರು ಊರು ದಾಟಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

"ಉಪ್ಪು ಸರೀನ ಇತ್ತೋ."